ಲಂಡನ್–ಸಿಡ್ನಿ: 17,000 ಕಿಲೋಮೀಟರ್ ದಾರಿ, ನಡುವೆ ಬಿಟ್ಟುಹೋದ ಊರುಗಳು

ಲಂಡನ್‌ನಿಂದ ಸಿಡ್ನಿಗೆ ಎಷ್ಟು ದೂರ? ಮೊಬೈಲಿನಲ್ಲಿ ಕೇಳಿದರೆ ಕ್ಷಣದಲ್ಲಿ ಉತ್ತರ ಬರುತ್ತದೆ: ಸುಮಾರು 17,000 ಕಿಲೋಮೀಟರ್. ಎಷ್ಟು ಹೊತ್ತಿನ ದಾರಿ? ನಡುವೆ ಒಂದು ಕಡೆ ಇಳಿದು ಹೋದರೆ ಸುಮಾರು 23-24 ಗಂಟೆ. ಮೊದಲನೆಯ ಅಂಕಿ ಇನ್ನೂರು ವರ್ಷದಲ್ಲಿ ಒಂದು ಕಿಲೋಮೀಟರ್ ಕೂಡ ಬದಲಾಗಿಲ್ಲ. ಎರಡನೆಯದು ಎಂಟು ತಿಂಗಳಿಂದ ಒಂದು ದಿನಕ್ಕೆ ಇಳಿದಿದೆ.

ಈ ಇಳಿಕೆಯನ್ನು ಸಾಮಾನ್ಯವಾಗಿ ಯಂತ್ರಗಳ ಕತೆಯಾಗಿ ಹೇಳುತ್ತಾರೆ. ಎಂಜಿನ್ ಬಲವಾಯಿತು, ರೆಕ್ಕೆ ದೊಡ್ಡದಾಯಿತು, ಪ್ರಯಾಣ ಚಿಕ್ಕದಾಯಿತು. ಅದು ಸುಳ್ಳಲ್ಲ. ಆದರೆ ನಾವು ಜಿಲ್ಲೆ, ತಾಲ್ಲೂಕುಗಳ ಸುದ್ದಿ ಬರೆಯುವವರು. ಬೈಪಾಸ್ ರಸ್ತೆ ಬಂದ ಮೇಲೆ ಹಳೆಯ ಬಸ್ ಸ್ಟ್ಯಾಂಡಿನ ಹೋಟೆಲು ಏನಾಯಿತು, ಎಕ್ಸ್‌ಪ್ರೆಸ್ ರೈಲು ನಿಲ್ಲುವುದು ಬಿಟ್ಟ ಮೇಲೆ ಊರಿನ ಸ್ಟೇಷನ್ನು ಏನಾಯಿತು ಎಂಬುದನ್ನು ನೋಡಿದವರು. ಹಾಗಾಗಿ ಎರಡು ದೊಡ್ಡ ನಗರಗಳ ನಡುವಿನ ಸಮಯ ಕಡಿಮೆಯಾಯಿತು ಎಂದಾಗ, ನಡುವಿನ ಊರುಗಳಿಗೆ ಏನಾಯಿತು ಎಂದು ಕೇಳುವುದು ನಮಗೆ ಅಭ್ಯಾಸ. ಲಂಡನ್–ಸಿಡ್ನಿ ದಾರಿಯ ಮಟ್ಟಿಗೆ ಆ ನಡುವಿನ ಊರುಗಳಲ್ಲಿ ಹಲವು ನಮ್ಮ ದೇಶದವೇ.

ಹಡಗಿನ ಕಾಲ

1787ರ ಮೇ 13ರಂದು ಇಂಗ್ಲೆಂಡಿನ ಪೋರ್ಟ್ಸ್‌ಮತ್ ಬಂದರಿನಿಂದ 11 ಹಡಗುಗಳು ಕೈದಿಗಳನ್ನು ತುಂಬಿಕೊಂಡು ಆಸ್ಟ್ರೇಲಿಯಾಕ್ಕೆ ಹೊರಟವು. ಅವು ತಲುಪಿದ್ದು 1788ರ ಜನವರಿಯಲ್ಲಿ. ಎಂಟು ತಿಂಗಳ ಪ್ರಯಾಣ. ಆಮೇಲೆ ವೇಗದ ಹಾಯಿ ಹಡಗುಗಳು ಬಂದವು, 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು, ಉಗಿ ಹಡಗುಗಳು ಓಡಾಡತೊಡಗಿದವು. ಇಪ್ಪತ್ತನೇ ಶತಮಾನ ಶುರುವಾಗುವ ಹೊತ್ತಿಗೆ ಇದು ಸುಮಾರು ಆರು ವಾರದ ದಾರಿಯಾಗಿತ್ತು.

1872ರಲ್ಲೇ ತಂತಿ ಸಂಪರ್ಕ ಬಂದಿದ್ದರಿಂದ ಸುದ್ದಿ ಗಂಟೆಗಳಲ್ಲಿ ತಲುಪುತ್ತಿತ್ತು. ಮನುಷ್ಯ ಮತ್ತು ಕಾಗದ ಮಾತ್ರ ವಾರಗಟ್ಟಲೆ ಕಾಯಬೇಕಿತ್ತು. ತಾಯಿ ತೀರಿಹೋದಳು ಎಂಬ ತಂತಿ ಅದೇ ದಿನ ಅಥವಾ ಮಾರನೇ ದಿನ ಸಿಗುತ್ತಿತ್ತು, ಮಗ ಹೊರಟು ಮನೆ ತಲುಪಲು ಒಂದೂವರೆ ತಿಂಗಳು ಬೇಕಿತ್ತು. ವಿಮಾನ ಬಂದಿದ್ದು ಈ ಅಂತರದ ನಡುವೆ.

1919: 28 ದಿನ

ಮೊದಲ ಮಹಾಯುದ್ಧ ಮುಗಿದ ಮರುವರ್ಷ ಆಸ್ಟ್ರೇಲಿಯಾ ಸರ್ಕಾರ ಒಂದು ಬಹುಮಾನ ಘೋಷಿಸಿತು. ಇಂಗ್ಲೆಂಡಿನಿಂದ ಆಸ್ಟ್ರೇಲಿಯಾಕ್ಕೆ 30 ದಿನದೊಳಗೆ ವಿಮಾನದಲ್ಲಿ ಬರುವ ಆಸ್ಟ್ರೇಲಿಯನ್ನರಿಗೆ 10,000 ಪೌಂಡ್. ಆರು ತಂಡಗಳು ಹೊರಟವು. ಒಂದು ವಿಮಾನ ಲಂಡನ್ ಹತ್ತಿರವೇ ಬಿದ್ದು ಇಬ್ಬರು ಸತ್ತರು. ಇನ್ನೊಂದು ಗ್ರೀಸಿನ ಕಾರ್ಫು ದ್ವೀಪದ ಬಳಿ ಸಮುದ್ರಕ್ಕೆ ಬಿದ್ದು ಇಬ್ಬರು ಮುಳುಗಿದರು. ಕೊನೆಗೆ ಆಸ್ಟ್ರೇಲಿಯಾ ಮುಟ್ಟಿದ್ದು ಎರಡೇ ತಂಡ. ಅದರಲ್ಲಿ ಒಂದಕ್ಕೆ 206 ದಿನ ಹಿಡಿಯಿತು.

ಗೆದ್ದವರು ರಾಸ್ ಸ್ಮಿತ್ ಮತ್ತು ಕೀತ್ ಸ್ಮಿತ್ ಸಹೋದರರು. ಜೊತೆಗೆ ಜಿಮ್ ಬೆನೆಟ್ ಮತ್ತು ವಾಲಿ ಶಯರ್ಸ್ ಎಂಬ ಇಬ್ಬರು ಮೆಕ್ಯಾನಿಕ್‌ಗಳು. ವಿಕರ್ಸ್ ವಿಮಿ ಎಂಬ, ಯುದ್ಧಕ್ಕೆಂದು ಮಾಡಿದ್ದ ಬಾಂಬರ್ ವಿಮಾನ. ಕೂರುವ ಜಾಗಕ್ಕೆ ಮೇಲ್ಛಾವಣಿ ಇಲ್ಲ. ನವೆಂಬರ್ 12ರಂದು ಲಂಡನ್‌ನ ಹೌನ್‌ಸ್ಲೋದಿಂದ ಹೊರಟು ಡಿಸೆಂಬರ್ 10ರಂದು ಡಾರ್ವಿನ್‌ನಲ್ಲಿ ಇಳಿದರು. ನಿಜವಾಗಿ ಹಾರಿದ್ದು ಸುಮಾರು 136 ಗಂಟೆ. 28 ದಿನದಲ್ಲಿ ಆರು ದಿನದಷ್ಟೂ ಗಾಳಿಯಲ್ಲಿರಲಿಲ್ಲ. ಉಳಿದ ಸಮಯವೆಲ್ಲ ನೆಲದ ಮೇಲೆ ಕಳೆದದ್ದು: ಎಂಜಿನ್ ನೋಡಿಕೊಳ್ಳಲು, ಪೆಟ್ರೋಲ್ ತುಂಬಲು, ಮಳೆ ನಿಲ್ಲಲು ಕಾಯಲು, ನಿದ್ದೆ ಮಾಡಲು.

ಅವರ ದಾರಿ ಕೈರೋ, ಡಮಾಸ್ಕಸ್, ಬಾಸ್ರಾ, ಕರಾಚಿ, ದೆಹಲಿ, ಅಲಹಾಬಾದ್, ಕಲ್ಕತ್ತ, ರಂಗೂನ್, ಬ್ಯಾಂಕಾಕ್, ಸಿಂಗಾಪುರ ಮೂಲಕ ಹೋಗುತ್ತಿತ್ತು. ಕಲ್ಕತ್ತದಲ್ಲಿ ಇಳಿದದ್ದು ಕುದುರೆ ಓಡಿಸುವ ಬಯಲಿನಲ್ಲಿ. ಜಾವಾದ ಸುರಬಾಯದಲ್ಲಿ ಚಕ್ರಗಳು ಕೆಸರಲ್ಲಿ ಹೂತುಹೋದವು. ಆಗ ಸುತ್ತಲಿನ ಹಳ್ಳಿಗಳಿಂದ ಬಿದಿರಿನ ಚಾಪೆಗಳನ್ನು ತಂದು, ಒಂದರ ಪಕ್ಕ ಒಂದು ಹಾಸಿ, ವಿಮಾನ ಓಡುವಷ್ಟು ಉದ್ದದ ದಾರಿ ಮಾಡಿದರು. ಚಾಪೆಯ ಮೇಲೆ ಓಡಿ ವಿಮಾನ ಮೇಲೇರಿತು. ಸ್ಮಿತ್ ಸಹೋದರರಿಗೆ ಸರ್ ಪದವಿ ಸಿಕ್ಕಿತು. ಚಾಪೆ ಕೊಟ್ಟವರ ಹೆಸರು ಚರಿತ್ರೆಯಲ್ಲಿ ಉಳಿಯಲಿಲ್ಲ.

ಇದೇ ಸ್ಪರ್ಧೆಗಾಗಿ ಆಸ್ಟ್ರೇಲಿಯಾದ ಉತ್ತರ ಭಾಗದಲ್ಲಿ ಇಳಿದಾಣಗಳನ್ನು ಹುಡುಕಲು ಹಡ್ಸನ್ ಫಿಶ್ ಮತ್ತು ಪಾಲ್ ಮೆಕ್‌ಗಿನ್ನೆಸ್ ಎಂಬ ಇಬ್ಬರನ್ನು ಕಳಿಸಿದ್ದರು. ರಸ್ತೆಯೇ ಇಲ್ಲದ ಆ ಬಯಲುಸೀಮೆಯನ್ನು ಕಾರಿನಲ್ಲಿ ದಾಟುವಾಗ ಅವರಿಗೆ, ಇಲ್ಲಿನ ಹಳ್ಳಿಗಳಿಗೆ ವಿಮಾನ ಬೇಕು ಎನಿಸಿತು. ಮರುವರ್ಷ, 1920ರ ನವೆಂಬರ್‌ನಲ್ಲಿ, ಕ್ವೀನ್ಸ್‌ಲ್ಯಾಂಡಿನ ವಿಂಟನ್ ಎಂಬ ಸಣ್ಣ ಊರಿನಲ್ಲಿ ಒಂದು ಕಂಪನಿ ನೋಂದಣಿಯಾಯಿತು. ಅದೇ ಇಂದಿನ ಕ್ವಾಂಟಾಸ್. ಜಗತ್ತಿನ ಅತಿ ಉದ್ದದ ಹಾರಾಟಗಳನ್ನು ನಡೆಸುವ ಕಂಪನಿ ಹುಟ್ಟಿದ್ದು ಕುರಿ ಸಾಕುವವರ ಊರಿನಲ್ಲಿ.

ನೇರ ದಾರಿ ಯಾವುದು?

ಇಲ್ಲಿ ಒಂದು ಲೆಕ್ಕ ನೋಡೋಣ. ಲಂಡನ್‌ನಿಂದ ಡಾರ್ವಿನ್‌ಗೆ ನೇರ ದೂರ ಸುಮಾರು 13,900 ಕಿಲೋಮೀಟರ್. ಸ್ಮಿತ್ ಸಹೋದರರು ಹಾರಿದ್ದು 18,000 ಕಿಲೋಮೀಟರ್‌ಗೂ ಹೆಚ್ಚು. ಅಂದರೆ ನಾಲ್ಕು ಸಾವಿರ ಕಿಲೋಮೀಟರ್ ಸುತ್ತು.

ಶಾಲೆಯ ಗೋಡೆಯ ಭೂಪಟದಲ್ಲಿ ಲಂಡನ್ ಮತ್ತು ಸಿಡ್ನಿಯ ನಡುವೆ ಅಡಿಪಟ್ಟಿ ಇಟ್ಟು ಗೆರೆ ಎಳೆದರೆ ಅದು ಅರಬ್ ದೇಶಗಳು, ಹಿಂದೂ ಮಹಾಸಾಗರ ಎಂದು ಸಾಗುತ್ತದೆ. ಆದರೆ ಭೂಮಿ ಗುಂಡಗಿದೆ. ಗ್ಲೋಬಿನ ಮೇಲೆ ಒಂದು ದಾರವನ್ನು ಎರಡು ಊರಿನ ನಡುವೆ ಬಿಗಿಯಾಗಿ ಎಳೆದು ನೋಡಿ. ದಾರ ರಷ್ಯಾ, ಕಜಕಸ್ತಾನ, ಚೀನಾದ ಮೇಲೆ ಹಾದು ಆಮೇಲೆ ದಕ್ಷಿಣಕ್ಕೆ ಇಳಿಯುತ್ತದೆ. ಅದೇ ಅತಿ ಹತ್ತಿರದ ದಾರಿ. ವಿಮಾನದ ದೂರ ಎಂದು ನಾವು ಓದುವ ಅಂಕಿಯೆಲ್ಲ ಈ ದಾರದ ಉದ್ದ.

ಆ ದಾರ ಕರಾಚಿಯನ್ನೂ ಮುಟ್ಟುವುದಿಲ್ಲ, ಕಲ್ಕತ್ತವನ್ನೂ ಮುಟ್ಟುವುದಿಲ್ಲ. ಹಾಗಿದ್ದರೆ ವಿಮಾನಗಳು ಭಾರತದ ಮೇಲೆ ಏಕೆ ಬಂದವು? ಆಗಿನ ವಿಮಾನಕ್ಕೆ ಕೆಲವು ನೂರು ಕಿಲೋಮೀಟರ್‌ಗೊಮ್ಮೆ ಇಳಿಯಲೇಬೇಕಿತ್ತು. ಇಳಿಯಲು ನೆಲ ಬೇಕು, ಪೆಟ್ರೋಲ್ ಡಬ್ಬಿ ಬೇಕು, ತಂತಿ ಕಚೇರಿ ಬೇಕು, ಇಳಿಯಬಹುದು ಎನ್ನುವ ಅಪ್ಪಣೆ ಬೇಕು. ಇವೆಲ್ಲ ಒಟ್ಟಿಗೆ ಸಿಗುತ್ತಿದ್ದದ್ದು ಬ್ರಿಟಿಷರ ಆಳ್ವಿಕೆಯ ನೆಲದಲ್ಲಿ. ಈಜಿಪ್ಟಿನಿಂದ ಸಿಂಗಾಪುರದವರೆಗೆ ಅವರ ಅಧಿಕಾರ ಅಥವಾ ಪ್ರಭಾವ ಇದ್ದ ನೆಲ ಸಾಲಾಗಿ ಸಿಗುತ್ತಿತ್ತು. ದಾರಿಯನ್ನು ನಿರ್ಧರಿಸಿದ್ದು ಆ ನೆಲ.

ನಡುವಿನ ಊರಿನವರ ಕೈ

1930ರ ಮೇ ತಿಂಗಳಲ್ಲಿ 26 ವರ್ಷದ ಏಮಿ ಜಾನ್ಸನ್ ಲಂಡನ್‌ನ ಕ್ರಾಯ್ಡನ್‌ನಿಂದ ಒಬ್ಬರೇ ಹೊರಟು 19 ದಿನಕ್ಕೆ ಡಾರ್ವಿನ್ ತಲುಪಿದರು. ಈ ದಾರಿಯನ್ನು ಒಬ್ಬಂಟಿಯಾಗಿ ಹಾರಿದ ಮೊದಲ ಮಹಿಳೆ. ಅಲಹಾಬಾದಿಗೆ ಹೋಗುವಾಗ ಪೆಟ್ರೋಲ್ ಸಾಲದೆ ಝಾನ್ಸಿಯಲ್ಲಿ ಸೈನ್ಯದ ಕವಾಯತು ಮೈದಾನದಲ್ಲಿ ಇಳಿಯಬೇಕಾಯಿತು. ಮುಂದೆ ರಂಗೂನ್ ಹತ್ತಿರದ ಇನ್ಸೀನ್‌ನಲ್ಲಿ ಆಟದ ಮೈದಾನಕ್ಕೆ ಇಳಿಯುವಾಗ ವಿಮಾನ ಗುಂಡಿಗೆ ಬಿದ್ದು ರೆಕ್ಕೆ ಹರಿಯಿತು. ಅಲ್ಲಿನ ತಾಂತ್ರಿಕ ಶಾಲೆಯವರು ಮುರಿದ ಕಟ್ಟಿಗೆ ಜೋಡಿಸಿ, ಬಟ್ಟೆ ಹೊಲಿದು ವಿಮಾನವನ್ನು ಮತ್ತೆ ಹಾರುವಂತೆ ಮಾಡಿಕೊಟ್ಟರು.

1934ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನಿಂದ ಮೆಲ್ಬರ್ನ್‌ಗೆ ದೊಡ್ಡ ವಿಮಾನ ಸ್ಪರ್ಧೆ ನಡೆಯಿತು. ಎಲ್ಲರೂ ಕಡ್ಡಾಯವಾಗಿ ಇಳಿಯಲೇಬೇಕಾದ ಐದು ಜಾಗಗಳು: ಬಾಗ್ದಾದ್, ಅಲಹಾಬಾದ್, ಸಿಂಗಾಪುರ, ಡಾರ್ವಿನ್, ಚಾರ್ಲ್‌ವಿಲ್. ಗೆದ್ದ ಬ್ರಿಟಿಷ್ ವಿಮಾನಕ್ಕೆ ಹಿಡಿದದ್ದು 71 ಗಂಟೆ. ಹದಿನೈದೇ ವರ್ಷದಲ್ಲಿ 28 ದಿನದ ದಾರಿ ಮೂರು ದಿನಕ್ಕೆ ಇಳಿದಿತ್ತು.

ಆದರೆ ಜನ ನೆನಪಿಟ್ಟದ್ದು ಎರಡನೆಯದಾಗಿ ಬಂದ ಡಚ್ಚರ ಊವರ್ ಎಂಬ ವಿಮಾನವನ್ನು. ಅದು ಡಿಸಿ-2, ಪ್ರಯಾಣಿಕರನ್ನು ಕೂರಿಸಿಕೊಂಡು ಹೊರಟಿದ್ದ ಸಾಮಾನ್ಯ ವಿಮಾನ. ಮೆಲ್ಬರ್ನ್ ಇನ್ನೇನು ಹತ್ತಿರ ಎನ್ನುವಾಗ ರಾತ್ರಿ ಬಿರುಗಾಳಿಯಲ್ಲಿ ದಾರಿ ತಪ್ಪಿತು. ಕೆಳಗೆ ಆಲ್ಬರಿ ಎಂಬ ಊರಿನವರಿಗೆ ಎಂಜಿನ್ನಿನ ಸದ್ದು ಕೇಳಿಸಿತು. ಅವರು ಊರಿನ ಬೀದಿ ದೀಪಗಳನ್ನೆಲ್ಲ ಒಟ್ಟಿಗೆ ಆರಿಸಿ ಹಚ್ಚಿ ತಂತಿ ಭಾಷೆಯಲ್ಲಿ ಊರಿನ ಹೆಸರನ್ನು ಆಕಾಶಕ್ಕೆ ತೋರಿಸಿದರು. ರೇಡಿಯೋದಲ್ಲಿ ಕರೆ ಹೋಯಿತು: ಕಾರು ಇರುವವರೆಲ್ಲ ಕುದುರೆ ಓಟದ ಬಯಲಿಗೆ ಬನ್ನಿ, ದೀಪ ಹಾಕಿ ನಿಲ್ಲಿಸಿ. ಆ ಬೆಳಕಿನಲ್ಲಿ ವಿಮಾನ ಇಳಿಯಿತು. ಬೆಳಿಗ್ಗೆ ನೋಡಿದರೆ ಕೆಸರಲ್ಲಿ ಹೂತಿತ್ತು. ಊರಿನವರು ಹಗ್ಗ ಕಟ್ಟಿ ಎಳೆದು ಗಟ್ಟಿ ನೆಲಕ್ಕೆ ತಂದರು. ನಮ್ಮ ಕಡೆ ಜಾತ್ರೆಯಲ್ಲಿ ತೇರು ಎಳೆಯುವಂತೆ.

ಟಿಕೆಟ್ ಕೊಂಡು ಹೋಗುವ ಕಾಲ

1935ರಲ್ಲಿ ಸಾಮಾನ್ಯ ಪ್ರಯಾಣಿಕರು ಟಿಕೆಟ್ ಕೊಂಡು ಬ್ರಿಸ್ಬೇನ್‌ನಿಂದ ಲಂಡನ್‌ಗೆ ಹೋಗುವ ವ್ಯವಸ್ಥೆ ಶುರುವಾಯಿತು. ಹನ್ನೆರಡೂವರೆ ದಿನ. ಸಿಂಗಾಪುರದವರೆಗೆ ಕ್ವಾಂಟಾಸ್ ವಿಮಾನ, ಅಲ್ಲಿಂದ ಬ್ರಿಟನ್ನಿನ ಇಂಪೀರಿಯಲ್ ಏರ್‌ವೇಸ್. ಆದರೆ ಇದು ಪೂರ್ತಿ ವಿಮಾನ ಪ್ರಯಾಣವೂ ಆಗಿರಲಿಲ್ಲ. ಇಟಲಿ ತನ್ನ ಆಕಾಶದಲ್ಲಿ ಬಿಡದ ಕಾರಣ ಬ್ರಿಂಡಿಸಿ ಮತ್ತು ಪ್ಯಾರಿಸ್ ನಡುವೆ ಪ್ರಯಾಣಿಕರನ್ನು ರೈಲು ಹತ್ತಿಸುತ್ತಿದ್ದರು.

ಇರಾನ್ ಕೂಡ ಹೀಗೆಯೇ ಮಾಡಿತು. ತನ್ನ ಕರಾವಳಿಯ ಮೇಲೆ ಹಾರಲು ಕೊಟ್ಟಿದ್ದ ಅಪ್ಪಣೆಯನ್ನು ಮುಂದುವರಿಸಲಿಲ್ಲ. ಹಾಗಾಗಿ 1932ರಲ್ಲಿ ದಾರಿಯನ್ನು ಕೊಲ್ಲಿಯ ಆಚೆ ಬದಿಗೆ, ಶಾರ್ಜಾಕ್ಕೆ ಸರಿಸಬೇಕಾಯಿತು. ಶಾರ್ಜಾದ ಶೇಖರ ಜೊತೆ ಒಪ್ಪಂದವಾಗಿ, ಮರಳಿನ ಮಧ್ಯೆ ಕೋಟೆಯಂಥ ಒಂದು ತಂಗುದಾಣ ಎದ್ದಿತು. ಪ್ರಯಾಣಿಕರು ರಾತ್ರಿ ಅಲ್ಲಿ ಮಲಗಿ ಬೆಳಿಗ್ಗೆ ಕರಾಚಿಯ ಕಡೆ ಹಾರುತ್ತಿದ್ದರು. ಆ ಕಟ್ಟಡ ಈಗ ಮಹತ್ತಾ ಮ್ಯೂಸಿಯಂ. ಹಳೆಯ ರನ್‌ವೇ ಪೇಟೆಯ ಮಧ್ಯದ ರಸ್ತೆಯಾಗಿದೆ. ಕರಾವಳಿ ಕರ್ನಾಟಕದಿಂದ ಕೊಲ್ಲಿಗೆ ದುಡಿಯಲು ಹೋದ ಎಷ್ಟೋ ಜನ ಆ ರಸ್ತೆಯಲ್ಲಿ ಓಡಾಡಿರುತ್ತಾರೆ.

1938ರಲ್ಲಿ ನೀರಿನ ಮೇಲೆ ಇಳಿಯುವ ವಿಮಾನಗಳು ಬಂದವು. ಸಿಡ್ನಿಯ ರೋಸ್ ಬೇಯಿಂದ ಇಂಗ್ಲೆಂಡಿನ ಸೌತಾಂಪ್ಟನ್‌ಗೆ ಸುಮಾರು ಹತ್ತು ದಿನ. ಹದಿನೈದರಷ್ಟು ಪ್ರಯಾಣಿಕರು. ಹಗಲು ಹಾರಾಟ, ರಾತ್ರಿ ದಡದ ಹೋಟೆಲಿನಲ್ಲಿ ನಿದ್ದೆ. ಭಾರತದಲ್ಲಿ ಇವು ಇಳಿಯುತ್ತಿದ್ದ ಜಾಗಗಳನ್ನು ಓದಿದರೆ ಇಂದು ಆಶ್ಚರ್ಯವಾಗುತ್ತದೆ: ರಾಜಸ್ಥಾನದ ರಾಜಸಮಂದ್ ಸರೋವರ, ಗ್ವಾಲಿಯರ್ ಹತ್ತಿರದ ಮಾಧೋ ಸಾಗರ, ಅಲಹಾಬಾದಿನಲ್ಲಿ ಯಮುನಾ ನದಿ, ಕಲ್ಕತ್ತದಲ್ಲಿ ಹೂಗ್ಲಿ. ಸಂಸ್ಥಾನಗಳ ರಾಜರು ಕಟ್ಟಿಸಿದ ಕೆರೆಗಳು ಕೆಲವು ವರ್ಷ ಲಂಡನ್–ಸಿಡ್ನಿ ದಾರಿಯ ನಿಲ್ದಾಣಗಳಾಗಿದ್ದವು.

ಎರಡು ಸೂರ್ಯೋದಯ

1942ರ ಫೆಬ್ರವರಿಯಲ್ಲಿ ಸಿಂಗಾಪುರ ಜಪಾನಿನ ವಶವಾಯಿತು. ದಾರಿ ನಡುವೆಯೇ ಕಡಿದುಹೋಯಿತು. ಇಂಗ್ಲೆಂಡಿಗೆ ಟಪಾಲು, ಅಧಿಕಾರಿಗಳನ್ನು ಕಳಿಸಲು ಹೊಸ ದಾರಿ ಬೇಕಾಯಿತು. 1943ರಲ್ಲಿ ಕ್ವಾಂಟಾಸ್ ಪರ್ತ್‌ನಿಂದ ಸಿಂಹಳದ ಕೊಗ್ಗಲ ಸರೋವರಕ್ಕೆ ನಿಲ್ಲದೆ ಹಾರತೊಡಗಿತು. ಕ್ಯಾಟಲಿನಾ ಎಂಬ ನೀರ ವಿಮಾನ. ವೇಗ ಗಂಟೆಗೆ ಸುಮಾರು 200 ಕಿಲೋಮೀಟರ್. ದೂರ 5,600 ಕಿಲೋಮೀಟರ್‌ಗೂ ಹೆಚ್ಚು. ಇಂಧನದ ಭಾರವೇ ಎಷ್ಟಿತ್ತೆಂದರೆ ಪ್ರಯಾಣಿಕರಿಗೆ ಉಳಿದದ್ದು ಮೂರೇ ಜಾಗ.

ಜಪಾನೀಯರ ಕಿವಿಗೆ ಬೀಳಬಾರದೆಂದು ರೇಡಿಯೋ ಬಳಸುವಂತಿರಲಿಲ್ಲ. ನಕ್ಷತ್ರ ನೋಡಿ ದಿಕ್ಕು ಹಿಡಿಯಬೇಕಿತ್ತು. ಒಂದು ಹಾರಾಟಕ್ಕೆ 27ರಿಂದ 33 ಗಂಟೆ. ದಾರಿಯಲ್ಲಿ ಸೂರ್ಯ ಎರಡು ಸಲ ಹುಟ್ಟುತ್ತಿದ್ದ. ಹಾಗಾಗಿ ಈ ಹಾರಾಟಗಳಿಗೆ ಎರಡು ಸೂರ್ಯೋದಯದ ಹಾರಾಟ ಎಂದೇ ಹೆಸರಾಯಿತು, ಹೋದವರಿಗೆ ಅದೇ ಹೆಸರಿನ ಪ್ರಮಾಣಪತ್ರ ಕೊಡುತ್ತಿದ್ದರು. ಪ್ರಯಾಣಿಕರು ಗಾಳಿಯಲ್ಲಿ ಕಳೆದ ಹೊತ್ತಿನ ಲೆಕ್ಕದಲ್ಲಿ ಇಂದಿಗೂ ಯಾವ ವಾಡಿಕೆಯ ವಿಮಾನ ಸೇವೆಯೂ ಇದನ್ನು ಮೀರಿಲ್ಲ.

ಇದೇ ಜಾತಿಯ ವಿಮಾನವನ್ನು ಆ ಕಾಲದಲ್ಲಿ ಬೆಂಗಳೂರಿನವರೂ ನೋಡಿದ್ದಾರೆ. ಮೈಸೂರು ಸರ್ಕಾರದ ನೆರವಿನಿಂದ 1940ರಲ್ಲಿ ಶುರುವಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಯುದ್ಧದ ವಿಮಾನಗಳ ರಿಪೇರಿ ಕೇಂದ್ರವಾಗಿತ್ತು. ಅಲ್ಲಿಗೆ ಬರುತ್ತಿದ್ದ ಕ್ಯಾಟಲಿನಾಗಳು ಬೆಳ್ಳಂದೂರು ಕೆರೆಯ ಮೇಲೆ ಇಳಿಯುತ್ತಿದ್ದವು. ಅವು ಪರ್ತ್ ದಾರಿಯವಲ್ಲ, ಯುದ್ಧದ ಕೆಲಸಕ್ಕೆ ಇದ್ದವು. ಆದರೆ ಕೆರೆಯೊಂದು ವಿಮಾನ ನಿಲ್ದಾಣವಾಗುವ ಕಾಲ ನಮ್ಮಲ್ಲೂ ಇತ್ತು ಎಂಬುದಕ್ಕೆ ಸಾಕ್ಷಿ. ನಮ್ಮ ತಲೆಮಾರಿನವರಿಗೆ ಅದೇ ಕೆರೆ ಸುದ್ದಿಯಾಗಿದ್ದು ನೊರೆ ಮತ್ತು ಬೆಂಕಿಯಿಂದ.

1947: ನಾಲ್ಕು ದಿನ

ಯುದ್ಧ ಮುಗಿದ ಮೇಲೆ, 1947ರ ಡಿಸೆಂಬರ್ 1ರಂದು, ಕ್ವಾಂಟಾಸ್‌ನ ಕಾನ್‌ಸ್ಟಲೇಷನ್ ವಿಮಾನ ಸಿಡ್ನಿಯಿಂದ ಲಂಡನ್‌ಗೆ ಹೊರಟಿತು. 29 ಪ್ರಯಾಣಿಕರು, 11 ಸಿಬ್ಬಂದಿ. ಡಾರ್ವಿನ್, ಸಿಂಗಾಪುರ, ಕಲ್ಕತ್ತ, ಕರಾಚಿ, ಕೈರೋ, ಟ್ರಿಪೋಲಿ. ನಾಲ್ಕು ದಿನ. ಕಾಂಗರೂ ರೂಟ್ ಎಂಬ ಹೆಸರು ಜನಪ್ರಿಯವಾದದ್ದು ಇಲ್ಲಿಂದ, ಕಾಂಗರೂವಿನಂತೆ ಕುಪ್ಪಳಿಸಿ ಕುಪ್ಪಳಿಸಿ ಹೋಗುವ ದಾರಿ. ಹೋಗಿ ಬರುವ ಟಿಕೆಟ್ 585 ಪೌಂಡ್. ಆಗಿನ ಆಸ್ಟ್ರೇಲಿಯಾದ ಸಾಮಾನ್ಯ ಸಂಬಳಗಾರನ ಎರಡು ವರ್ಷದ ದುಡಿಮೆಗಿಂತ ಹೆಚ್ಚು.

ತಾರೀಖನ್ನು ಇನ್ನೊಮ್ಮೆ ನೋಡಿ. ಆ ವಿಮಾನ ಕಲ್ಕತ್ತದಿಂದ ಕರಾಚಿಗೆ ಹಾರಿದಾಗ ಇವೆರಡೂ ಬೇರೆ ಬೇರೆ ದೇಶಗಳಾಗಿ ಮೂರೂವರೆ ತಿಂಗಳಷ್ಟೇ ಆಗಿತ್ತು. ಲಕ್ಷಾಂತರ ಜನ ಗಡಿಯ ಎರಡೂ ಕಡೆ ನಡೆದು, ಗಾಡಿಯಲ್ಲಿ, ರೈಲಿನಲ್ಲಿ ಊರು ಬಿಟ್ಟು ಹೋಗುತ್ತಿದ್ದ ಕಾಲ. ಅವರ ನೆತ್ತಿಯ ಮೇಲೆ 29 ಜನರ ವಿಮಾನ ಕೆಲವೇ ಗಂಟೆಗಳಲ್ಲಿ ಆ ನೆಲ ದಾಟಿತು. ಪ್ರಯಾಣದ ಸಮಯ ಎಂಬುದು ಎಲ್ಲರಿಗೂ ಒಂದೇ ಆಗಿರಲಿಲ್ಲ. ಈಗಲೂ ಅಲ್ಲ.

ನಿಲ್ಲದೆ ಹೋಗುವ ಕಾಲ

1959ರಲ್ಲಿ ಕ್ವಾಂಟಾಸ್ ಬೋಯಿಂಗ್ 707 ಜೆಟ್ ತಂದಿತು. ಗಂಟೆಗೆ ಸುಮಾರು 900 ಕಿಲೋಮೀಟರ್. ದಿನದ ಲೆಕ್ಕ ಗಂಟೆಯ ಲೆಕ್ಕಕ್ಕೆ ಇಳಿಯಿತು. 1971ರಲ್ಲಿ ಬೋಯಿಂಗ್ 747 ಬಂದು ಟಿಕೆಟ್ ದರ ಮಧ್ಯಮ ವರ್ಗಕ್ಕೂ ಎಟುಕುವಂತಾಯಿತು. ಗಮನಿಸಬೇಕಾದ ಸಂಗತಿ ಎಂದರೆ ಅಲ್ಲಿಂದ ಮುಂದೆ ವಿಮಾನದ ವೇಗ ಹೆಚ್ಚಾಗಿಲ್ಲ. ಇಂದಿನ ವಿಮಾನವೂ 707ರಷ್ಟೇ ವೇಗದಲ್ಲಿ ಹಾರುತ್ತದೆ. ಹಾಗಾದರೆ ಸಮಯ ಹೇಗೆ ಉಳಿಯಿತು? ನಿಲ್ದಾಣಗಳನ್ನು ಬಿಟ್ಟಿದ್ದರಿಂದ. ಹೆಚ್ಚು ದೂರ ಹಾರುವ ವಿಮಾನ ಬಂದಂತೆಲ್ಲ ಆರು ನಿಲ್ದಾಣ ನಾಲ್ಕಾಯಿತು, ನಾಲ್ಕು ಎರಡಾಯಿತು, ಎರಡು ಒಂದಾಯಿತು.

ಕಲ್ಕತ್ತದ ದಮ್ ದಮ್ ಒಂದು ಕಾಲದಲ್ಲಿ ಯುರೋಪ್ ಮತ್ತು ಪೂರ್ವ ಏಷ್ಯಾದ ನಡುವಿನ ದೊಡ್ಡ ತಂಗುದಾಣ. ಜೆಟ್ ಕಾಲದಲ್ಲಿ ಅದರ ಮೇಲೆ ಹಾರಿಹೋಗುವ ವಿಮಾನಗಳೇ ಹೆಚ್ಚಾದವು. ಅಲಹಾಬಾದ್, ಗ್ವಾಲಿಯರ್, ರಾಜಸಮಂದ್ ಈ ದಾರಿಯ ನಕ್ಷೆಯಿಂದ ಅದಕ್ಕೂ ಮೊದಲೇ ಅಳಿಸಿಹೋಗಿದ್ದವು. ಉಳಿದುಕೊಂಡದ್ದು ಸಿಂಗಾಪುರ. 2013ರಿಂದ ಐದು ವರ್ಷ ಕ್ವಾಂಟಾಸ್ ತನ್ನ ಲಂಡನ್ ವಿಮಾನವನ್ನು ದುಬೈ ಮೂಲಕ ಓಡಿಸಿತು. ಶಾರ್ಜಾದ ಹಳೆಯ ಕೋಟೆಯಿಂದ ದುಬೈ ವಿಮಾನ ನಿಲ್ದಾಣ ಕೆಲವೇ ಮೈಲಿ. ಎಂಬತ್ತು ವರ್ಷದ ನಂತರ ದಾರಿ ಅದೇ ನೆರೆಗೆ ಬಂದಿತ್ತು.

ಆ ಉಳಿದ ಒಂದು ನಿಲ್ದಾಣವನ್ನೂ ಬಿಡುವ ಪ್ರಯತ್ನ 1989ರಲ್ಲಿ ನಡೆಯಿತು. ಆಗಸ್ಟ್ 17ರಂದು ಹೊಸ ಬೋಯಿಂಗ್ 747-400 ಲಂಡನ್‌ನಿಂದ ಸಿಡ್ನಿಗೆ ಎಲ್ಲೂ ಇಳಿಯದೆ 20 ಗಂಟೆ 9 ನಿಮಿಷದಲ್ಲಿ ಬಂತು. ಟಿಕೆಟ್ ಕೊಂಡ ಪ್ರಯಾಣಿಕರು ಒಬ್ಬರೂ ಇರಲಿಲ್ಲ. ಸಾಂದ್ರತೆ ಹೆಚ್ಚಿರುವ ವಿಶೇಷ ಇಂಧನ ತುಂಬಿದ್ದರು. ರನ್‌ವೇ ತನಕ ಓಡಿಸಿದರೆ ಇಂಧನ ಖರ್ಚಾಗುತ್ತದೆಂದು ವಿಮಾನವನ್ನು ಎಳೆದುಕೊಂಡು ಹೋಗಿ ನಿಲ್ಲಿಸಿದರು.

ಇಷ್ಟು ಕಷ್ಟ ಏಕೆ ಎಂದರೆ, ಇಂಧನಕ್ಕೆ ತನ್ನದೇ ತೂಕ ಇದೆ. ಇಪ್ಪತ್ತನೇ ಗಂಟೆಗೆ ಬೇಕಾದ ಇಂಧನವನ್ನು ಮೊದಲ ಹತ್ತೊಂಬತ್ತು ಗಂಟೆ ಹೊತ್ತುಕೊಂಡು ಹಾರಬೇಕು. ಹೊರುವುದಕ್ಕೇ ಇನ್ನಷ್ಟು ಇಂಧನ ಬೇಕು. ದೂರದ ಹೊಲಕ್ಕೆ ಎತ್ತಿನ ಗಾಡಿಯಲ್ಲಿ ಹೋಗುವವನು ಎತ್ತಿನ ಮೇವನ್ನೂ ಗಾಡಿಗೇ ಹೇರಿದಂತೆ. ಒಂದು ಹದದ ನಂತರ ಗಾಡಿಯ ತುಂಬ ಮೇವೇ ಇರುತ್ತದೆ. ನಡುವೆ ಇಳಿದು ತುಂಬಿಕೊಳ್ಳುವುದು ಅಗ್ಗವಾಗುವುದು ಇದರಿಂದಲೇ.

2018ರ ಮಾರ್ಚ್‌ನಲ್ಲಿ ಪರ್ತ್‌ನಿಂದ ಲಂಡನ್‌ಗೆ ನಿಲ್ಲದ ಸೇವೆ ಶುರುವಾಯಿತು: ಸುಮಾರು 14,500 ಕಿಲೋಮೀಟರ್, ಹದಿನೇಳು ಗಂಟೆಗೂ ಹೆಚ್ಚು. 2019ರ ನವೆಂಬರ್‌ನಲ್ಲಿ ಲಂಡನ್‌ನಿಂದ ಸಿಡ್ನಿಗೆ 50ರಷ್ಟು ಜನರನ್ನು ಕೂರಿಸಿಕೊಂಡು 19 ಗಂಟೆ 19 ನಿಮಿಷದ ಪ್ರಯೋಗ ನಡೆಯಿತು. ಅದು ಯಂತ್ರದ ಪರೀಕ್ಷೆಗಿಂತ ಮನುಷ್ಯರ ಪರೀಕ್ಷೆಯಾಗಿತ್ತು: ನಿದ್ದೆ, ಊಟ, ಪೈಲಟ್‌ಗಳ ಎಚ್ಚರ. ಟಿಕೆಟ್ ಕೊಂಡವರನ್ನೇ ಹೀಗೆ ಒಯ್ಯಲು ಕ್ವಾಂಟಾಸ್ 2022ರಲ್ಲಿ 12 ಏರ್‌ಬಸ್ ಎ350-1000 ವಿಮಾನಗಳಿಗೆ ಆರ್ಡರ್ ಕೊಟ್ಟಿತು. ಈ ಯೋಜನೆಗೆ ಪ್ರಾಜೆಕ್ಟ್ ಸನ್‌ರೈಸ್ ಎಂದು ಹೆಸರಿಟ್ಟದ್ದು ಯುದ್ಧಕಾಲದ ಎರಡು ಸೂರ್ಯೋದಯದ ನೆನಪಿಗೆ.

ನಮ್ಮ ಕಡೆಯ ಲೆಕ್ಕ

ನಿಲ್ಲದ ದಾರಿಯ ರುಚಿ ಬೆಂಗಳೂರಿಗೂ ಸಿಕ್ಕಿದೆ. 2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ಏರ್ ಇಂಡಿಯಾ ವಿಮಾನ ಉತ್ತರ ಧ್ರುವದ ಮೇಲೆ ಹಾರಿ 11ರ ಬೆಳಗಿನ ಜಾವ ಬೆಂಗಳೂರಿನಲ್ಲಿ ಇಳಿಯಿತು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಅವರ ನೇತೃತ್ವದಲ್ಲಿ ಪೈಲಟ್‌ಗಳೆಲ್ಲ ಮಹಿಳೆಯರು. ನೇರ ದೂರ 13,993 ಕಿಲೋಮೀಟರ್, ಸುಮಾರು 17 ಗಂಟೆ. ಕ್ಯಾಲಿಫೋರ್ನಿಯಾಕ್ಕೂ ನಮಗೂ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ವ್ಯತ್ಯಾಸ ಇರುವುದರಿಂದ ಪ್ರಯಾಣಿಕರ ಕ್ಯಾಲೆಂಡರಿನಲ್ಲಿ ಒಂದು ಇಡೀ ದಿನ ಕಣ್ಮರೆಯಾದಂತೆ ಕಂಡಿತು.

ಆದರೆ ವಿಮಾನದ ಸಮಯ ಎಂದರೆ ನಿಲ್ದಾಣದಿಂದ ನಿಲ್ದಾಣದ ಸಮಯ ಮಾತ್ರ. ಬೀದರ್ ಜಿಲ್ಲೆಯ ತಂದೆ ತಾಯಿ ಮಗಳನ್ನು ನೋಡಲು ಬೆಂಗಳೂರಿನಿಂದ ಅಮೆರಿಕಕ್ಕೆ ಹೋಗುವುದಾದರೆ, ರಾತ್ರಿ ಬಸ್ಸಿನಲ್ಲಿ ಏಳುನೂರು ಕಿಲೋಮೀಟರ್ ಬೆಂಗಳೂರಿಗೆ ಬಂದು, ಅಲ್ಲಿಂದ ದೇವನಹಳ್ಳಿಗೆ ಹೋಗಿ, ಮೂರು ಗಂಟೆ ಮೊದಲೇ ಕಾಯಬೇಕು. ವಿಮಾನ 14,000 ಕಿಲೋಮೀಟರ್ ದಾಟಲು ತೆಗೆದುಕೊಳ್ಳುವ ಹೊತ್ತಿನಷ್ಟೇ ಹೊತ್ತು ಅವರಿಗೆ ಈ ಮೊದಲ ತುದಿಯಲ್ಲೇ ಕಳೆಯುತ್ತದೆ. ನಡುವಿನ ಊರಿನವರಿಗೆ ದೂರ ಕಡಿಮೆಯಾಗುವುದು ಕೊನೆಗೆ.

ಆಕಾಶದ ಅಪ್ಪಣೆ

ನಡುವಿನ ನೆಲವನ್ನು ವಿಮಾನ ಪೂರ್ತಿ ಮರೆಯಬಹುದು ಎಂದುಕೊಂಡರೆ ಅದೂ ನಿಜವಲ್ಲ. ಇಳಿಯದಿದ್ದರೂ ಮೇಲೆ ಹಾರಲು ಅಪ್ಪಣೆ ಬೇಕು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ರಷ್ಯಾದ ಆಕಾಶ ಬ್ರಿಟನ್ ಮತ್ತು ಯುರೋಪಿನ ವಿಮಾನಗಳಿಗೆ ಮುಚ್ಚಿತು. ಗ್ಲೋಬಿನ ಮೇಲಿನ ಆ ಬಿಗಿದ ದಾರದ ಉದ್ದ ಹಾಗೆಯೇ ಇದೆ, ಆದರೆ ದಾರದ ಮೇಲೆ ಹೋಗುವಂತಿಲ್ಲ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿದಾಗ ದೆಹಲಿಯಿಂದ ಯುರೋಪ್, ಅಮೆರಿಕಕ್ಕೆ ಹೋಗುವ ನಮ್ಮ ವಿಮಾನಗಳು ಅರಬ್ಬಿ ಸಮುದ್ರದ ಕಡೆಯಿಂದ ಸುತ್ತಿಕೊಂಡು ಹೋಗಬೇಕಾಯಿತು.

2024ರ ಏಪ್ರಿಲ್‌ನಲ್ಲಿ ಇನ್ನೊಂದು ಘಟನೆ ನಡೆಯಿತು. ಇರಾನ್ ಸುತ್ತ ಯುದ್ಧದ ಭೀತಿ ಹೆಚ್ಚಾದಾಗ ಪರ್ತ್–ಲಂಡನ್ ನಿಲ್ಲದ ವಿಮಾನ ಆ ಆಕಾಶವನ್ನು ತಪ್ಪಿಸಬೇಕಾಯಿತು. ದಾರಿ ಉದ್ದವಾಯಿತು. ಅಷ್ಟು ದೂರಕ್ಕೆ, ಎಲ್ಲ ಸೀಟಿನಲ್ಲಿ ಜನ ಕೂತಿರುವಾಗ, ಒಂದೇ ಸಲ ತುಂಬುವ ಇಂಧನ ಸಾಲದಾಯಿತು. ಹೆಮ್ಮೆಯಿಂದ ಶುರುಮಾಡಿದ್ದ ನಿಲ್ಲದ ವಿಮಾನ ಕೆಲ ಕಾಲ ಸಿಂಗಾಪುರದಲ್ಲಿ ಇಳಿದು ಇಂಧನ ತುಂಬಿಕೊಂಡು ಹೋಯಿತು. ವಾಪಸ್ ಬರುವಾಗ ಮಾತ್ರ ಪಶ್ಚಿಮದಿಂದ ಬೀಸುವ ಗಾಳಿಯ ನೆರವಿನಿಂದ ನಿಲ್ಲದೆ ಬರುತ್ತಿತ್ತು.

1932ರಲ್ಲಿ ಇರಾನ್ ಬಿಡಲಿಲ್ಲವೆಂದು ಶಾರ್ಜಾದಲ್ಲಿ ಕೋಟೆ ಕಟ್ಟಿದರು, 2024ರಲ್ಲಿ ಇರಾನಿನ ಆಕಾಶ ಅಪಾಯವೆಂದು ಸಿಂಗಾಪುರದಲ್ಲಿ ಇಳಿದರು. ನಡುವೆ ತೊಂಬತ್ತು ವರ್ಷದ ತಂತ್ರಜ್ಞಾನ ಇದೆ. ಹಾಗಾಗಿ ಎರಡು ಊರಿನ ನಡುವೆ ಎಷ್ಟು ದೂರ ಎಂದು ಕೇಳಿದರೆ ಒಂದು ಅಂಕಿ ಹೇಳಬಹುದು. ಎಷ್ಟು ಹೊತ್ತು ಎಂದು ಕೇಳಿದರೆ ಮಾತ್ರ, ಈ ವರ್ಷ ಯಾವ ದೇಶದ ಆಕಾಶ ತೆರೆದಿದೆ ಎಂದು ಮೊದಲು ವಿಚಾರಿಸಬೇಕು. ನಡುವಿನ ನೆಲದಲ್ಲಿ ಇರುವವರು ಚೆನ್ನಾಗಿದ್ದರೆ ಮಾತ್ರ ಮೇಲೆ ಹೋಗುವವರು ಹೊತ್ತಿಗೆ ಸರಿಯಾಗಿ ತಲುಪುತ್ತಾರೆ.